ಗರ್ಭಿಣಿಯಾದ ಮೇಲೆ ರೇಡಿಯೋಥೆರಪಿ ಡ್ಯೂಟಿ: ಅನುಭವ ಇದ್ದವರು ಹೇಳಿ

ಪ್ರಶ್ನೆ: ನಾನು ರೇಡಿಯೋಥೆರಪಿ ಟೆಕ್ನಾಲಜಿಸ್ಟ್. ಈಗ 9 ವಾರ. ಆರ್‌ಎಸ್‌ಒಗೆ (ವಿಕಿರಣ ಸುರಕ್ಷತಾ ಅಧಿಕಾರಿಗೆ) ಬರೆದು ಕೊಟ್ಟಾಗಿದೆ. ನಮ್ಮಲ್ಲಿ ಕೋಬಾಲ್ಟ್ (ವಿಕಿರಣಶೀಲ ಸೋರ್ಸ್ ಇರುವ ಯಂತ್ರ), 15 ಎಂವಿ ಲಿನ್ಯಾಕ್ (ವಿದ್ಯುತ್‌ನಿಂದ ಎಕ್ಸ್‌ರೇ ಹುಟ್ಟಿಸುವ ಯಂತ್ರ, ಎಂವಿ ಅಂದರೆ ಬೀಮ್‌ನ ಶಕ್ತಿ), ಇರಿಡಿಯಂ ಎಚ್‌ಡಿಆರ್ (ತಂತಿಯ ತುದಿಯ ಸೋರ್ಸನ್ನು ರೋಗಿಯೊಳಗೆ ಕಳಿಸುವ ಯಂತ್ರ) ಮೂರೂ ಇವೆ. ಯಾವುದನ್ನು ಬಿಡಲಿ?

ಕೋಬಾಲ್ಟ್ ಟೆಕ್ನಾಲಜಿಸ್ಟ್, ಕಲಬುರಗಿ: ಮೊದಲು ಕೋಬಾಲ್ಟ್ ಬಿಡ್ರಿ. ಬೀಮ್ ನಿಂತು ಸೋರ್ಸ್ ಒಳಗೆ ಹೋದ ಮೇಲೂ ಯಂತ್ರದ ಹೆಡ್‌ನಿಂದ ಸೋರಿಕೆ ಇದ್ದೇ ಇರತೈತಿ. 1 ಮೀಟರ್‌ನಾಗ ಸರಾಸರಿ ಗಂಟೆಗೆ 20 ಮೈಕ್ರೋಗ್ರೇ ತನಕ ನಿಯಮನೇ ಬಿಡತೈತಿ. ನಿಮ್ಮ ಜಾಗದಾಗ ಬರೀ 5 ಅಂತ ಹಿಡೀರಿ (ಗಾಮಾಕ್ಕ ಗ್ರೇ, ಸೀವರ್ಟ್ ಹೆಚ್ಚುಕಮ್ಮಿ ಒಂದೇ ಲೆಕ್ಕ). ರೋಗಿಗೆ 3 ನಿಮಿಷ, ದಿನಕ್ಕ 50 ರೋಗಿ, ಅಂದ್ರ ಎರಡೂವರೆ ತಾಸು, 12.5 ಮೈಕ್ರೋಸೀವರ್ಟ್. 80 ಡ್ಯೂಟಿಗೆ 1 ಮಿಲಿಸೀವರ್ಟ್. ತಿಳಿಸಿದ ಮೇಲೆ ಹೆರಿಗೆ ತನಕ ಮಗುವಿಗೆ ಇರೋ ಮಿತಿನೇ ಅಷ್ಟು.

ಫಿಸಿಸಿಸ್ಟ್, ಮಂಗಳೂರು: ಆ 5 ಎಲ್ಲಿಂದ ಬಂತು ಸರ್? ಊಹೆಯ ಅಂಕಿ ಹಿಡಿದು ಬಸುರಿಯನ್ನು ಹೆದರಿಸಬೇಡಿ. ರೋಗಿಯನ್ನು ಹೊಂದಿಸುವಾಗ ಹೊಟ್ಟೆ ಬರುವ ಎತ್ತರದಲ್ಲಿ ಸರ್ವೆ ಮೀಟರ್ (ವಿಕಿರಣ ಅಳೆಯುವ ಕೈಸಾಧನ) ಹಿಡಿದು ಅಳೆಯಲಿ, ನಿಂತ ಹೊತ್ತನ್ನು ಗಡಿಯಾರ ನೋಡಿ ಬರೆಯಲಿ. ಲಿನ್ಯಾಕ್‌ನಲ್ಲಿ 6 ಎಂವಿ ಒಳ್ಳೆಯದು, ಬೀಮ್ ನಿಂತರೆ ಮುಗಿಯಿತು. 15 ಎಂವಿ ಹಾಗಲ್ಲ. ನ್ಯೂಟ್ರಾನ್ ಹುಟ್ಟಿ ಹೆಡ್‌ನ ಲೋಹವೇ ಸ್ವಲ್ಪ ಹೊತ್ತು ವಿಕಿರಣ ಸೂಸುತ್ತದೆ. ಅಲ್ಯೂಮಿನಿಯಂ-28ರ ಅರ್ಧಾಯುಷ್ಯ 2.24 ನಿಮಿಷ, ಐದು ನಿಮಿಷ ತಡೆದರೆ ಕಾಲುಭಾಗಕ್ಕೂ ಕಡಿಮೆ. ಟಂಗ್‌ಸ್ಟನ್-187ಕ್ಕೆ ಸುಮಾರು 24 ಗಂಟೆ, ಅದು ಕಾದರೆ ಹೋಗುವುದಲ್ಲ. ಬೀಮ್ ನಿಂತ ಕೂಡಲೇ ವೆಡ್ಜ್ (ಬೀಮ್ ತಿದ್ದಲು ಹಾಕುವ ಲೋಹದ ತುಂಡು) ಬಿಚ್ಚಲು ಕೈಹಾಕಬಾರದು.

ಲಿನ್ಯಾಕ್ ಟೆಕ್ನಾಲಜಿಸ್ಟ್, ಬೆಂಗಳೂರು: 80 ರೋಗಿ ಸಾಲಿನಲ್ಲಿರುವಾಗ ಐದು ನಿಮಿಷ ಕಾಯೋದು ಹೇಳೋದಕ್ಕೆ ಸುಲಭ. ನಾವು 15 ಎಂವಿ ಕೇಸ್‌ಗಳನ್ನೆಲ್ಲ ಒಂದೇ ಶಿಫ್ಟ್‌ಗೆ ಹಾಕಿ, ಆ ಶಿಫ್ಟ್‌ನಿಂದ ಗರ್ಭಿಣಿಯನ್ನು ತೆಗೀತೀವಿ. ಫಿಸಿಕ್ಸ್‌ನವರು ಬೆಳಿಗ್ಗೆಯೇ 15 ಎಂವಿಯಲ್ಲಿ ಸಾವಿರಾರು ಎಂಯು (ಬೀಮ್ ಅಳೆಯೋ ಘಟಕ) ಕೊಟ್ಟು ಮೆಷಿನ್ ನಮಗೆ ಒಪ್ಪಿಸೋದನ್ನ ಮೊದಲು ನಿಲ್ಲಿಸಲಿ. ಕ್ಯೂಎ (ಮೆಷಿನ್ ಪರೀಕ್ಷೆ) ಸಂಜೆಗಿರಲಿ.

ಫಿಸಿಸಿಸ್ಟ್, ಮಂಗಳೂರು: ಬೆಳಗಿನ ಔಟ್‌ಪುಟ್ ಚೆಕ್ ಸಂಜೆಗೆ ಹೋಗುವುದಿಲ್ಲ. ದೊಡ್ಡ ಮಾಪನ ಸಂಜೆಗೆ ಹಾಕಬಹುದು, ಅದನ್ನು ಒಪ್ಪುತ್ತೇನೆ.

ನರ್ಸಿಂಗ್ ಇನ್‌ಚಾರ್ಜ್, ದಾವಣಗೆರೆ: ನಮ್ಮಲ್ಲಿ ಗರ್ಭಿಣಿಯರಿಗೆ ಲೆಡ್ ಏಪ್ರನ್ ಕಡ್ಡಾಯ ಮಾಡಿಸಿದ್ದೇ ನಾನು. ಯಾರಿಗೂ ತೊಂದರೆ ಆಗಿಲ್ಲ.

ಕೋಬಾಲ್ಟ್ ಟೆಕ್ನಾಲಜಿಸ್ಟ್, ಕಲಬುರಗಿ: ಸಿಸ್ಟರ್, ಅದು ಎಕ್ಸ್‌ರೇ ರೂಮಿಗೆ ಸರಿ. ಕೋಬಾಲ್ಟ್ ಗಾಮಾ ಅರ್ಧ ಆಗಾಕ ಸುಮಾರು 12 ಮಿಲಿಮೀಟರ್ ಸೀಸ ಬೇಕು. ಅರ್ಧ ಮಿಲಿಮೀಟರ್ ಏಪ್ರನ್ ತಡೆಯೋದು ನೂರಕ್ಕ ಮೂರು. ಭಾರ ಹೊತ್ತು ಕೆಲಸ ನಿಧಾನ ಆದ್ರ ಡೋಸ್ ಹೆಚ್ಚಾಗತೈತಿ.

ನರ್ಸಿಂಗ್ ಇನ್‌ಚಾರ್ಜ್, ದಾವಣಗೆರೆ: ಧೈರ್ಯಕ್ಕಾದರೂ ಇರಲಿ ಅಂದರೆ ಅದಕ್ಕೂ ತಕರಾರೇ?

ಆರ್‌ಎಸ್‌ಒ, ಹುಬ್ಬಳ್ಳಿ: ಧೈರ್ಯದ ಮಾತಲ್ಲ ಸಿಸ್ಟರ್, ಸುರಕ್ಷಿತ ಅಂದುಕೊಂಡು ಹೆಚ್ಚು ಹೊತ್ತು ನಿಲ್ಲುತ್ತಾರೆ. ಮೇಡಂ, ಎಚ್‌ಡಿಆರ್ ತುರ್ತು ತಂಡದಿಂದ ಇವತ್ತೇ ಹೆಸರು ತೆಗೆಸಿ. 370 ಗಿಗಾಬೆಕ್ವೆರಲ್‌ನ ಹೊಸ ಇರಿಡಿಯಂ 1 ಮೀಟರ್‌ನಲ್ಲಿ ಗಂಟೆಗೆ ಸುಮಾರು 40 ಮಿಲಿಗ್ರೇ, 30 ಸೆಂಟಿಮೀಟರ್‌ನಲ್ಲಿ ನಿಮಿಷಕ್ಕೆ ಏಳೂವರೆ. ಎಂಟು ಸೆಕೆಂಡಿಗೆ 1 ಮಿಲಿಗ್ರೇ ಮುಟ್ಟುತ್ತದೆ. ಸೋರ್ಸ್ ಸಿಕ್ಕಿಕೊಂಡರೆ ಕನ್ಸೋಲ್‌ನಲ್ಲಿ ಸ್ಟಾಪ್, ಆಮೇಲೆ ಯಂತ್ರದ ತುರ್ತು ಬಟನ್, ಅದಕ್ಕೂ ಜಗ್ಗದಿದ್ದರೆ ಕೈ ಕ್ರ್ಯಾಂಕ್, ಕೊನೆಗೆ ಅಪ್ಲಿಕೇಟರ್ (ರೋಗಿಯೊಳಗೆ ಇಟ್ಟ, ಸೋರ್ಸ್ ಹೋಗುವ ಕೊಳವೆ) ಸಮೇತ ತೆಗೆದು ಸೀಸದ ಡಬ್ಬಿಗೆ. ಆ ಡಬ್ಬಿಯನ್ನು ಮೂಲೆಗೆ ತಳ್ಳಿ ಮೇಲೆ ಬಟ್ಟೆ ಪೇರಿಸಿರುತ್ತಾರೆ! ಮುಚ್ಚಳ ತೆಗೆದು ರೋಗಿಯ ಪಕ್ಕದಲ್ಲೇ ಇರಬೇಕು, ಉದ್ದ ಚಿಮಟ ಅದರ ಮೇಲಿರಬೇಕು. 1992ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ತಂತಿ ತುಂಡಾಗಿ ಇರಿಡಿಯಂ ರೋಗಿಯೊಳಗೇ ಉಳಿಯಿತು. ಗೋಡೆಯ ಮಾನಿಟರ್ ಎಚ್ಚರಿಸುತ್ತಿದ್ದರೂ ಅದೇ ಕೆಟ್ಟಿದೆ ಅಂದುಕೊಂಡರು, ಸರ್ವೆ ಮೀಟರ್ ಹಿಡಿಯಲಿಲ್ಲ. ರೋಗಿ ಉಳಿಯಲಿಲ್ಲ.

ಟೆಕ್ನಾಲಜಿಸ್ಟ್, ಮೈಸೂರು: ಎಲ್ಲರೂ ಬಿಡಿ ಬಿಡಿ ಅಂತೀರಿ. ಬಿಟ್ಟವಳನ್ನು ರಿಸೆಪ್ಶನ್‌ಗೆ ಕೂರಿಸಿ ಆಮೇಲೆ ಮೆಷಿನ್‌ಗೆ ವಾಪಸ್ ಕರೆಯೋದಿಲ್ಲ, ಅದರ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ಗರ್ಭಿಣಿ ಎಂದು ತಿಳಿಸಿದ್ದನ್ನೇ ಕೆಲಸದಿಂದ ಹೊರಗಿಡಲು ಕಾರಣ ಮಾಡಬಾರದು ಅಂತ ಐಎಇಎ (ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ) ಮಾನದಂಡದಲ್ಲೇ ಇದೆ. ಅಕ್ಕ, 6 ಎಂವಿ, ಕಾಂಟೂರಿಂಗ್ (ಸ್ಕ್ಯಾನ್ ಮೇಲೆ ಗಡಿ ಗುರುತಿಸೋದು), ಮೋಲ್ಡ್ ರೂಮ್ (ರೋಗಿಯ ಮಾಸ್ಕ್ ಮಾಡೋ ಕೋಣೆ), ಇವನ್ನು ಬರವಣಿಗೆಯಲ್ಲಿ ಕೇಳಿ.

ಆರ್‌ಎಸ್‌ಒ, ಹುಬ್ಬಳ್ಳಿ: ಒಪ್ಪುತ್ತೇನೆ. ಟಿಎಲ್‌ಡಿ (ಡೋಸ್ ಅಳೆಯುವ ಬ್ಯಾಡ್ಜ್) ಒಂದನ್ನೇ ನಂಬಬೇಡಿ ಮೇಡಂ, ಅದನ್ನು ಓದುವುದು ಮೂರು ತಿಂಗಳಿಗೊಮ್ಮೆ, ವರದಿ ಕೈಗೆ ಬರುವಷ್ಟರಲ್ಲಿ ಅರ್ಧ ಬಸಿರು ಕಳೆದಿರುತ್ತದೆ. ಹೊಟ್ಟೆಯ ಮಟ್ಟದಲ್ಲಿ ಪಾಕೆಟ್ ಡೋಸಿಮೀಟರ್ ಹಾಕಿಕೊಂಡು ದಿನಾ ರಿಜಿಸ್ಟರ್‌ನಲ್ಲಿ ಬರೆಯಿರಿ. ಆ 1 ಮಿಲಿಸೀವರ್ಟ್ ಮಿತಿಯನ್ನು ಉಳಿದ 31 ವಾರಕ್ಕೆ ಹಂಚಿದರೆ ವಾರಕ್ಕೆ 30 ಮೈಕ್ರೋಸೀವರ್ಟ್ ನಿಮ್ಮ ಗಡಿ. ವಾರದ ಮೊತ್ತ 15 ದಾಟಿದ ದಿನವೇ ನಿಮ್ಮ ಆರ್‌ಎಸ್‌ಒ ಮುಂದೆ ರಿಜಿಸ್ಟರ್ ಇಡಿ.

ಕೋಬಾಲ್ಟ್ ಟೆಕ್ನಾಲಜಿಸ್ಟ್, ಕಲಬುರಗಿ: ಬಿಚ್ಚಿದ ಕೋಟಿಗೆ ಟಿಎಲ್‌ಡಿ ಸಿಕ್ಕಿಸಿ ಟ್ರೀಟ್‌ಮೆಂಟ್ ರೂಮಿನಾಗ ಬಿಟ್ಟು ಬರಬ್ಯಾಡ್ರಿ. ಟಿಎಲ್‌ಡಿಯ ಒಂದು ಅವಧಿಗೆ 10 ಮಿಲಿಸೀವರ್ಟ್ ದಾಟಿದ್ರ ತನಿಖೆ. ಅದು ಕೋಟಿನ ಡೋಸ್ ಅಂತ ರುಜುವಾತು ಮಾಡೋ ಹೊತ್ತಿಗೆ ಸಾಕಾಗಿ ಹೋಗತೈತಿ.