ಒಂದೇ ಸಲದ ಮೂತ್ರ ಪರೀಕ್ಷೆಯಿಂದ ಥ್ಯಾಲೇಟ್‌ಗಳ ಪ್ರಮಾಣವನ್ನು ನಂಬಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಮುದಾಯ ವೈದ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಪ್ಲಾಸ್ಟಿಕ್, ಪ್ರಸಾಧನ ಸಾಮಗ್ರಿ ಮುಂತಾದವುಗಳಿಂದ ಗರ್ಭಿಣಿಯರ ದೇಹವನ್ನು ಸೇರುವ ರಾಸಾಯನಿಕಗಳಾದ ಥ್ಯಾಲೇಟ್‌ಗಳಿಗೂ ಶಿಶುವಿನ ಜನನ ತೂಕಕ್ಕೂ ಸಂಬಂಧವಿದೆಯೇ ಎಂದು ನೋಡಬೇಕೆಂದಿದ್ದೇನೆ. ಹಣ ಕಡಿಮೆಯಿರುವುದರಿಂದ ಪ್ರತಿಯೊಬ್ಬರಿಂದ ಒಂದೇ ಮಾದರಿ ಪಡೆದು, ಅದರ ಬದಲು ಹೆಚ್ಚು ಮಂದಿಯನ್ನು ಸೇರಿಸಿಕೊಂಡರೆ ಸಾಕಾಗುವುದೇ?

ಉತ್ತರ: ಯಾವ ಥ್ಯಾಲೇಟ್ ಎಂಬುದರ ಮೇಲೆ ಉತ್ತರ ನಿಂತಿದೆ. ಇವು ದೇಹದಲ್ಲಿ ಶೇಖರಗೊಳ್ಳುವ ವಸ್ತುಗಳಲ್ಲ. ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಒಡೆದು, ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಬೀಳುತ್ತವೆ. ಆದ್ದರಿಂದ ಒಂದು ಮಾದರಿ ಹೇಳುವುದು ಹಿಂದಿನ ದಿನದ ಸಂಗತಿಯನ್ನು ಮಾತ್ರ; ಅದು ಇಡೀ ಗರ್ಭಾವಧಿಗೆ ಅನ್ವಯಿಸಬೇಕಾದರೆ ಆ ಮಹಿಳೆಯ ದಿನಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯಾಗಿರಬೇಕು. ಸುಗಂಧದ್ರವ್ಯ ಮತ್ತು ಪ್ರಸಾಧನ ಸಾಮಗ್ರಿಗಳಿಂದ ಬರುವ ಡೈಈಥೈಲ್ ಥ್ಯಾಲೇಟ್‌ನ ವಿಷಯದಲ್ಲಿ ಇದು ಸ್ವಲ್ಪಮಟ್ಟಿಗೆ ನಿಜ, ಏಕೆಂದರೆ ಹಚ್ಚಿಕೊಳ್ಳುವ ಅಭ್ಯಾಸಗಳು ಬೇಗ ಬದಲಾಗುವುದಿಲ್ಲ. ಆದರೆ ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬಳಸುವ ಇನ್ನೊಂದು ಥ್ಯಾಲೇಟ್ ಆದ ಡಿಇಎಚ್‌ಪಿ ಮುಖ್ಯವಾಗಿ ಆಹಾರದ ಮೂಲಕ ಬರುತ್ತದೆ. ಊಟ ಬದಲಾದಂತೆ ಅದರ ಮಟ್ಟವೂ ಏರಿಳಿಯುತ್ತದೆ.

ಈ ಏರಿಳಿತವನ್ನು ಅಳೆಯಲು ಐಸಿಸಿ ಎಂಬ ಅಂಕವನ್ನು ಬಳಸುತ್ತಾರೆ. ಮಾಪನಗಳಲ್ಲಿ ಕಾಣುವ ಒಟ್ಟು ವ್ಯತ್ಯಾಸದಲ್ಲಿ ಮಹಿಳೆಯರ ನಡುವಿನ ನಿಜವಾದ ವ್ಯತ್ಯಾಸದ ಪಾಲು ಎಷ್ಟು ಎಂಬುದನ್ನು ಅದು 0ಯಿಂದ 1ರವರೆಗಿನ ಅಂಕಿಯಲ್ಲಿ ತಿಳಿಸುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಾಷಿಂಗ್ಟನ್ ಡಿ.ಸಿ. ಪ್ರದೇಶದ 46 ಆಫ್ರಿಕನ್ ಅಮೆರಿಕನ್ ಮಹಿಳೆಯರಿಂದ ಎರಡು ಅನುಕ್ರಮ ದಿನಗಳ ಬೆಳಗಿನ ಮೊದಲ ಮೂತ್ರವನ್ನು ಪಡೆದಿದ್ದರು, ಐಸಿಸಿ 0.5ರಿಂದ 0.8ರವರೆಗೆ ಬಂದಿತ್ತು. ಅದನ್ನು ನೋಡಿ ಒಂದೇ ಮಾದರಿ ಸಾಕೆಂದು ಹಲವರು ಧೈರ್ಯ ತಂದುಕೊಂಡರು. ನನ್ನ ಮಟ್ಟಿಗೆ ಅದು ಅವಸರದ ತೀರ್ಮಾನ: ಇಂದು ಮತ್ತು ನಾಳೆ ಹೋಲುತ್ತವೆ ಎಂದ ಮಾತ್ರಕ್ಕೆ ಮೂರನೇ ತಿಂಗಳೂ ಎಂಟನೇ ತಿಂಗಳೂ ಹೋಲಬೇಕಿಲ್ಲ. ತಿಂಗಳುಗಳ ಅಂತರದಲ್ಲಿ ಮಾದರಿ ಪಡೆದ ಅಧ್ಯಯನಗಳಲ್ಲಿ ಡಿಇಎಚ್‌ಪಿ ದೇಹದಲ್ಲಿ ಒಡೆದು ಉಂಟಾಗುವ ಉತ್ಪನ್ನಗಳ ಐಸಿಸಿ 0.1ರಿಂದ 0.3ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ.

ಐಸಿಸಿ 0.2 ಇದ್ದಾಗ ಒಂದೇ ಮಾದರಿಯನ್ನು ನಂಬಿದರೆ, ಜನನ ತೂಕದೊಂದಿಗಿನ ನಿಜವಾದ ಸಂಬಂಧದ ಸುಮಾರು ಐದನೇ ಒಂದು ಭಾಗವಷ್ಟೇ ನಿಮ್ಮ ಲೆಕ್ಕದಲ್ಲಿ ಕಾಣುತ್ತದೆ. ಮಹಿಳೆಯರ ಸಂಖ್ಯೆಯನ್ನು ಹೆಚ್ಚಿಸಿದರೆ ಈ ದೋಷ ಕಡಿಮೆಯಾಗುವುದಿಲ್ಲ. ತಪ್ಪು ಅಂಕಿಯೇ ಹೆಚ್ಚು ಖಚಿತವಾಗಿ ಕಾಣತೊಡಗುತ್ತದೆ. ಇದೇ ಐಸಿಸಿಯಲ್ಲಿ ಮೂರು ಮಾದರಿಗಳ ಸರಾಸರಿಯ ವಿಶ್ವಾಸಾರ್ಹತೆ (ಅಂದರೆ ಅದರಲ್ಲಿ ನಿಜವಾದ ವ್ಯತ್ಯಾಸದ ಪಾಲು) 0.43, ಆರರದ್ದು 0.6, ಹತ್ತರದ್ದು 0.71 ಆಗುತ್ತದೆ. ಐಸಿಸಿ 0.5 ಇರುವ ಥ್ಯಾಲೇಟ್‌ಗಾದರೆ ಮೂರರಲ್ಲೇ 0.75 ಸಿಗುತ್ತದೆ.

ಹಣದ ಮಾತಿಗೆ ಬರೋಣ. ಖರ್ಚಾಗುವುದು ಮೂತ್ರ ಸಂಗ್ರಹಕ್ಕಲ್ಲ, ಮಾಸ್ ಸ್ಪೆಕ್ಟ್ರೋಮೀಟರ್ ವಿಶ್ಲೇಷಣೆಗೆ. ಆದ್ದರಿಂದ ಪ್ರತಿಯೊಬ್ಬರಿಂದ ಬೇರೆ ಬೇರೆ ವಾರಗಳಲ್ಲಿ ಹಲವು ಮಾದರಿಗಳನ್ನು ಪಡೆದು, ಶೈತ್ಯೀಕರಿಸಿಟ್ಟು, ಕೊನೆಗೆ ಅದೇ ಮಹಿಳೆಯ ಮಾದರಿಗಳಿಂದ ಸಮಪ್ರಮಾಣದಲ್ಲಿ ತೆಗೆದು ಬೆರೆಸಿ ಒಂದೇ ಸಲ ವಿಶ್ಲೇಷಿಸಿ. ಒಂದು ಸಣ್ಣ ಗುಂಪಿನ ಮಾದರಿಗಳನ್ನು ಮಾತ್ರ ಬಿಡಿಬಿಡಿಯಾಗಿ ಪರೀಕ್ಷಿಸಿದರೆ ನಿಮ್ಮದೇ ಐಸಿಸಿ ಸಿಗುತ್ತದೆ. ಬೇರೆ ದೇಶದ ಅಂಕಿಯನ್ನು ಎರವಲು ತರುವ ಅಗತ್ಯ ಬೀಳುವುದಿಲ್ಲ. ಮೂಲ ಥ್ಯಾಲೇಟ್ ಅನ್ನು ಅಳೆಯಬೇಡಿ, ಪ್ರಯೋಗಾಲಯದ ಪ್ಲಾಸ್ಟಿಕ್‌ನಿಂದಲೇ ಅದು ಮಾದರಿಗೆ ಸೇರಬಹುದು. ಅದು ದೇಹದೊಳಗೆ ಒಡೆದು ಉಂಟಾಗುವ ಉತ್ಪನ್ನಗಳನ್ನು, ಡಿಇಎಚ್‌ಪಿಯಾದರೆ ಆಕ್ಸಿಡೀಕೃತ ಉತ್ಪನ್ನಗಳನ್ನು, ಅಳೆಯಿರಿ.

ಮರುಪ್ರಶ್ನೆ: ಮೂತ್ರ ತೆಳುವಾಗಿರುವುದನ್ನು ಸರಿದೂಗಿಸಲು, ಮೂತ್ರದಲ್ಲಿ ಹೊರಬೀಳುವ ತ್ಯಾಜ್ಯವಾದ ಕ್ರಿಯಾಟಿನಿನ್ ಪ್ರಮಾಣದೊಂದಿಗೆ ಹೋಲಿಸಿದರೆ ಸಾಲದೇ, ಮೇಡಂ?

ಉತ್ತರ: ಗರ್ಭಾವಸ್ಥೆಯಲ್ಲಿ ಮೂತ್ರಪಿಂಡಗಳ ಶೋಧನಾ ವೇಗ ಸುಮಾರು ಅರ್ಧದಷ್ಟು ಹೆಚ್ಚಾಗುತ್ತದೆ; ಕ್ರಿಯಾಟಿನಿನ್ ಹೊರಬೀಳುವ ಕ್ರಮವೂ ಬದಲಾಗುತ್ತದೆ. ಅದು ಸ್ನಾಯುಗಳ ಪ್ರಮಾಣವನ್ನೂ ಮಾಂಸಾಹಾರವನ್ನೂ ಅವಲಂಬಿಸಿರುವುದರಿಂದ, ರಿಫ್ರಾಕ್ಟೋಮೀಟರ್‌ನಲ್ಲಿ ಅಳೆದ ಮೂತ್ರದ ಸಾಪೇಕ್ಷ ಸಾಂದ್ರತೆಯನ್ನೇ (ನೀರಿಗೆ ಹೋಲಿಸಿದ ದಟ್ಟತೆ) ನಾನು ಆರಿಸಿಕೊಳ್ಳುತ್ತೇನೆ.

ಇನ್ನೊಬ್ಬರ ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ಗರ್ಭಿಣಿ. ಇಲ್ಲಿ ಸೇರಿಕೊಂಡಿರುವ ಒಂದು ಅಧ್ಯಯನದವರು ಕಳುಹಿಸಿದ ಎರಡು ವರದಿಗಳಲ್ಲಿ ಡಿಇಎಚ್‌ಪಿ ಅಂಕಿ ಐದು ಪಟ್ಟು ಬೇರೆಯಾಗಿದೆ. ಗಾಬರಿಪಡಬೇಕೇ?

ಉತ್ತರ: ಅಷ್ಟು ವ್ಯತ್ಯಾಸ ಒಬ್ಬರಲ್ಲೇ, ಒಂದೇ ದಿನದಲ್ಲೂ ಕಾಣಬಹುದಮ್ಮ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 8 ವಯಸ್ಕರು ಒಂದು ವಾರದುದ್ದಕ್ಕೂ ವಿಸರ್ಜಿಸಿದ ಮೂತ್ರವನ್ನೆಲ್ಲ ಪರೀಕ್ಷಿಸಿದ್ದರು. ಡಿಇಎಚ್‌ಪಿಯ ಉತ್ಪನ್ನದಲ್ಲಿ ಹೆಚ್ಚಿನ ವ್ಯತ್ಯಾಸವಿದ್ದದ್ದು ಒಂದೇ ದಿನದ ಬೇರೆ ಬೇರೆ ಹೊತ್ತುಗಳ ನಡುವೆ; ಡೈಈಥೈಲ್ ಥ್ಯಾಲೇಟ್‌ನಲ್ಲಾದರೆ ವ್ಯಕ್ತಿಗಳ ನಡುವೆ. ಎರಡು ಅಂಕಿಗಳಿಂದ ನಿಮ್ಮ ಅಥವಾ ಮಗುವಿನ ಆರೋಗ್ಯದ ಬಗ್ಗೆ ಏನನ್ನೂ ನಿರ್ಣಯಿಸಲಾಗದು. ಅಧ್ಯಯನದವರು ಅವಕಾಶ ಕೊಟ್ಟರೆ, ಮಾದರಿ ಕೊಟ್ಟ ಹೊತ್ತನ್ನೂ ಹಿಂದಿನ ದಿನದ ಊಟವನ್ನೂ ಬರೆದುಕೊಡಿ, ಅವರಿಗೆ ಉಪಯೋಗವಾಗುತ್ತದೆ.

ಸಂಶೋಧನಾ ವಿದ್ಯಾರ್ಥಿನಿಯ ಮರುಪ್ರಶ್ನೆ: ಮೇಡಂ, ಕೊನೆಯ ಮಾದರಿಯನ್ನು ಹೆರಿಗೆಗೆ ದಾಖಲಾದಾಗ ಪಡೆದರೆ ನಮಗೆ ಸುಲಭ. ತೊಂದರೆಯಿದೆಯೇ?

ಉತ್ತರ: ಡ್ರಿಪ್ ಹಾಕುವುದಕ್ಕೆ ಮೊದಲು ಪಡೆದರೆ ತೊಂದರೆಯಿಲ್ಲ. ಪಿವಿಸಿಯಿಂದ ಮಾಡಿದ ಚೀಲ ಮತ್ತು ನಳಿಕೆಗಳಿಂದ ಡಿಇಎಚ್‌ಪಿ ನೇರವಾಗಿ ರಕ್ತ ಸೇರಬಹುದು. ಆಗ ನೀವು ಅಳೆಯುವುದು ಆಸ್ಪತ್ರೆಯ ಸಲಕರಣೆಯನ್ನೇ ಹೊರತು ಆಕೆಯ ದಿನನಿತ್ಯದ ಬದುಕನ್ನಲ್ಲ. ಡ್ರಿಪ್ ಆರಂಭವಾಗಿದ್ದರೆ ಆ ಮಾದರಿಯನ್ನು ಗುರುತು ಹಾಕಿ ಬೇರೆಯಿಡಿ, ಉಳಿದವುಗಳೊಂದಿಗೆ ಬೆರೆಸಬೇಡಿ.