ಹೊಸ ಪಾಯಿಂಟ್ 32 ಪಿಸ್ತೂಲ್: ಎರಡನೇ ಗುಂಡಿಗೇ ಜಾಮ್, ಏನು ಮಾಡಲಿ?

ಬೆಲ್ಲದ ಪೇಟೆ (ಮಹಾಲಿಂಗಪುರ): ನಮಸ್ಕಾರ ರೀ ಎಲ್ಲರಿಗೂ. ಲೈಸೆನ್ಸ್‌ಗೆ ಅಲೆದು ಅಲೆದು ಕೊನೆಗೂ ಪಿಸ್ತೂಲ್ ತಗೊಂಡೆ. ಜೇಬಿನಲ್ಲಿ ಕೂರುವಷ್ಟು ಸಣ್ಣದು. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ಗೆ ಒಯ್ದರೆ ಮೊದಲ ಗುಂಡು ಸಲೀಸಾಗಿ ಹೋಗುತ್ತದೆ, ಎರಡನೆಯದು ಸಿಕ್ಕಿಹಾಕಿಕೊಳ್ಳುತ್ತದೆ. ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅರ್ಧಕ್ಕೇ ನಿಲ್ಲುತ್ತದೆ, ಗುಂಡಿನ ಮೂತಿ ಕೆಳಗೆ ಬಾಗಿರುತ್ತದೆ. ಇಷ್ಟು ದುಡ್ಡು ಸುರಿದ ಮೇಲೆ ಹೀಗಾದರೆ ಹೊಟ್ಟೆ ಉರಿಯೋದಿಲ್ವಾ? ಅಂಗಡಿಯವರು "ಓಡಿಸ್ತಾ ಓಡಿಸ್ತಾ ಸರಿ ಆಗ್ತದ" ಅಂತಾರೆ. ಯೂಟ್ಯೂಬ್‌ನವರು 200 ಗುಂಡು ಹೊಡೆದು ಪಳಗಿಸಿ ಅಂತಾರೆ. ನನ್ನ ಲೈಸೆನ್ಸ್‌ನಲ್ಲಿ ಬರೆದಿರುವ ಗುಂಡೆಲ್ಲ ಇದಕ್ಕೇ ಖರ್ಚು ಮಾಡಿದರೆ ಆಮೇಲೆ ಖಾಲಿ ಪಿಸ್ತೂಲ್ ಇಟ್ಟುಕೊಂಡು ಕೂರಬೇಕಾ?

ಹಳೇ ಫೌಜಿ (ಬೆಳಗಾವಿ): ಕೈ ಸಡಿಲ ಬಿಡ್ತಿದ್ದೀರಿ. ಸಣ್ಣ ಪಿಸ್ತೂಲ್ ಅಂದ್ರೆ ಹಿಡಿಯೋಕೆ ಜಾಗ ಕಡಿಮೆ, ಕಿರುಬೆರಳು ಗಾಳಿಯಲ್ಲಿ ಇರುತ್ತೆ. ಮಣಿಕಟ್ಟು ಗಟ್ಟಿ ಇಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಬರೋದಿಲ್ಲ. ಗಟ್ಟಿ ಹಿಡಿಯಿರಿ, ಅಷ್ಟೇ.

ಎರೆ ಹೊಲ (ಇಂಡಿ): ಅಣ್ಣಾರೆ, ರೇಂಜ್ ಯಾಕೆ? ಹೊಲದಲ್ಲಿ ಹೊಡೆದು ನೋಡಿ. ಗುಂಡು ಸಾಲದಿದ್ದರೆ ನಮ್ಮ ಕಾಕಾನ ರಿವಾಲ್ವರ್ ಗುಂಡು ಇವೆ, ಅದೂ ಪಾಯಿಂಟ್ 32.

ಘಟಪ್ರಭಾ (ಗೋಕಾಕ): ದಯವಿಟ್ಟು ಇಂಥಾ ಸಲಹೆ ಕೊಡಬೇಡಿ. ರಿವಾಲ್ವರ್‌ಗೆ ಹಾಕೋದು 32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಪಿಸ್ತೂಲಿಗೆ 32 ಎಸಿಪಿ, ಅಂದರೆ 7.65 ಬ್ರೌನಿಂಗ್. ಎರಡೂ ಬೇರೆ ಬೇರೆ ಕಾಡತೂಸು. ಒಬ್ಬರ ಲೈಸೆನ್ಸ್ ಮೇಲಿನ ಗುಂಡನ್ನ ಇನ್ನೊಬ್ಬರಿಗೆ ಕೊಡೋ ಹಾಗೂ ಇಲ್ಲ. ಹೊಲದಲ್ಲಂತೂ ಬೇಡವೇ ಬೇಡ. ಕಬ್ಬಿನ ಆಚೆ ಯಾರು ಕೂಲಿಗೆ ಬಂದಿದ್ದಾರೆ ಅಂತ ಕಾಣೋದೇ ಇಲ್ಲ.

ಎರೆ ಹೊಲ: ನಮ್ಮ ಹೊಲದ ಸುತ್ತ ಕಬ್ಬು ಇಲ್ಲ ಸರ, ಬರೀ ಲಿಂಬೆ ಮತ್ತು ಜೋಳ. ಬೆಳೆ ಕಾಯೋಕೆ ಅಂತಲೇ ಎಷ್ಟೋ ಜನರಿಗೆ ಲೈಸೆನ್ಸ್ ಕೊಟ್ಟಿದ್ದಾರಲ್ಲ?

ಘಟಪ್ರಭಾ: ಅದು ಹಂದಿ ಓಡಿಸುವ ಬಂದೂಕಿನ ಮಾತು. ಇಲ್ಲಿ ಪಿಸ್ತೂಲ್ ಪರೀಕ್ಷೆ ಮಾಡೋ ಮಾತು ನಡೆದಿದೆ. ಹಿಂದೆ ಮಣ್ಣಿನ ದಿಬ್ಬ ಇರುವ ರೇಂಜೇ ಬೇಕು. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸುತ್ತಾರಲ್ಲ, ಅಲ್ಲಿ ವಿಚಾರಿಸಿ.

ಈಗ ಬೆಲ್ಲದ ಪೇಟೆಯವರಿಗೆ. ಸರ್, ನೀವು ಮುಖ್ಯ ವಿಷಯವನ್ನೇ ಹೇಳಿಲ್ಲ. ಯಾವ ಗುಂಡು? ಎಷ್ಟು ಮ್ಯಾಗಜೀನ್, ಅಂದರೆ ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ಪೆಟ್ಟಿಗೆ? ಡಬ್ಬಿ ತೆಗೆದ ಮೇಲೆ ಗ್ರೀಸ್ ಒರೆಸಿದ್ರಾ?

ಹಳೇ ಫೌಜಿ: ಗುಂಡು ಯಾವುದಾದರೇನು? ಹಿಡಿತ ಸರಿ ಇದ್ದರೆ ಎಲ್ಲಾ ಓಡುತ್ತೆ. ನನ್ನ ಹತ್ತಿರ ತಾತನ ಕಾಲದ ವೆಬ್ಲಿ ಅಂಡ್ ಸ್ಕಾಟ್ ಪಿಸ್ತೂಲ್ ಇದೆ, ಇದೇ 7.65. ಇವತ್ತಿಗೂ ಗಂಟಲು ಹಿಡಿದಿಲ್ಲ.

ಬೆಲ್ಲದ ಪೇಟೆ: ಫೌಜಿ ಸರ, ಗಟ್ಟಿ ಹಿಡಿದೂ ನೋಡಿದೆ, ಅದೇ ಕಥೆ. ರೇಂಜ್‌ನ ಉಸ್ತಾದರು ಪಕ್ಕದಲ್ಲೇ ನಿಂತಿದ್ದರು, ಹಿಡಿತ ಸರಿ ಇದೆ ಅಂದರು. ಮ್ಯಾಗಜೀನ್ ಎರಡು, ನೋಡೋಕೆ ಒಂದೇ ತರಹ. ಗ್ರೀಸ್ ಹೊರಗಡೆ ಒರೆಸಿದ್ದೇನೆ. ಇವತ್ತು ಒಂದು ಮ್ಯಾಗಜೀನ್ ಬಿಚ್ಚಿದರೆ ಒಳಗೆ ಒಣಗಿದ ಬೆಲ್ಲದ ಪಾಕದ ಹಾಗೆ ಹಿಡಿದುಕೊಂಡಿದೆ. ಗುಂಡು ಎರಡು ತರಹ ಇವೆ. ಕೆಲವು ಮಾಮೂಲಿ, ಕೆಲವು ಮೂತಿಯಲ್ಲಿ ಕುಳಿ ಇರುವ ಫಾರಿನ್ ಮಾಲು. ಬೆರೆಸಿ ತುಂಬಿದ್ದೆ.

ಘಟಪ್ರಭಾ: ಇದು ಬೇಕಿತ್ತು! ನಿಮ್ಮ 32 ಎಸಿಪಿ ಕಾಡತೂಸಿನ ಬುಡದ ಅಂಚು, ಅಂದರೆ ರಿಮ್, ಮೈಗಿಂತ ಸ್ವಲ್ಪ ಅಗಲ. ಮ್ಯಾಗಜೀನ್‌ನಲ್ಲಿ ಮೇಲಿನ ಗುಂಡಿನ ರಿಮ್ ಕೆಳಗಿನದರ ರಿಮ್‌ಗಿಂತ ಮುಂದೆ ಇರಬೇಕು. ಕುಳಿ ಮೂತಿಯ ಗುಂಡು ಸಾಮಾನ್ಯವಾಗಿ ಉದ್ದದಲ್ಲಿ ಗಿಡ್ಡ. ಮುಂದೆ ಜಾಗ ಉಳಿಯುತ್ತದೆ, ಹೊಡೆತದ ಕುಲುಕಿಗೆ ಮೇಲಿನದು ಹಿಂದೆ ಜಾರಿ ಅದರ ರಿಮ್ ಕೆಳಗಿನದರ ಹಿಂದೆ ಕೂತುಬಿಡುತ್ತದೆ. ಆಮೇಲೆ ಸ್ಲೈಡ್ ಎಷ್ಟು ತಳ್ಳಿದರೂ ಅದು ಮುಂದೆ ಹೋಗೋದಿಲ್ಲ. ಮೂತಿ ಕೆಳಗೆ ಬಾಗಿದೆ ಅಂದ್ರಲ್ಲ, ನನಗೆ ಅನುಮಾನ ಇದರ ಮೇಲೇ.

ಮುಂದಿನ ಸಲ ಜಾಮ್ ಆದಾಗ ರೇಂಜ್‌ನಲ್ಲೇ ಮೂತಿ ದಿಬ್ಬದ ಕಡೆ ಇಟ್ಟುಕೊಂಡು ಮ್ಯಾಗಜೀನ್ ತೆಗೆಯಿರಿ, ಚೇಂಬರ್ (ನಳಿಕೆಯ ಬುಡದಲ್ಲಿ ಗುಂಡು ಕೂರುವ ಜಾಗ) ಖಾಲಿ ಮಾಡಿ. ಆಮೇಲೆ ಮ್ಯಾಗಜೀನ್‌ನ ಮೇಲಿನ ಗುಂಡನ್ನ ಹೆಬ್ಬೆರಳಿನಿಂದ ಮುಂದೆ ತಳ್ಳಿ. ಜಾರಿದರೆ ಬೇರೆ ಕಾರಣ. ಅಲುಗಾಡದಿದ್ದರೆ ರಿಮ್ ಸಿಕ್ಕಿದೆ.

ಎರಡೂ ಮ್ಯಾಗಜೀನ್ ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಒಳಗೆ ಎಣ್ಣೆ ಬಿಡಬೇಡಿ. ಸ್ಲೈಡ್ ಜಾರುವ ಕಡೆ ಒಂದೊಂದು ಹನಿ ಸಾಕು, ನಮ್ಮ ಎರೆ ಮಣ್ಣಿನ ಧೂಳಿಗೆ ಜಾಸ್ತಿ ಎಣ್ಣೆ ಬಿದ್ದರೆ ಕೆಸರೇ ಆಗುತ್ತದೆ. ಮ್ಯಾಗಜೀನ್‌ಗಳ ಬುಡದಲ್ಲಿ ಬಣ್ಣದಿಂದ ಒಂದು, ಎರಡು ಅಂತ ಗುರುತು ಹಾಕಿ. ಮಾಮೂಲಿ ಗುಂಡು ಮಾತ್ರ ತುಂಬಿ, ಯಾವ ಮ್ಯಾಗಜೀನ್‌ನ ಎಷ್ಟನೇ ಗುಂಡಿಗೆ ನಿಂತಿತು ಅಂತ ಬರೆದಿಡಿ. ಹೀಗೆ ಮಾಡಿದರೆ ಕಡಿಮೆ ಗುಂಡಿನಲ್ಲೇ ವಿಷಯ ಗೊತ್ತಾಗುತ್ತದೆ, 200 ಬೇಕಾಗಿಲ್ಲ. ಸ್ಲೈಡ್‌ನ ಸ್ಪ್ರಿಂಗ್ ಬಿಗಿ ಇದ್ದರೆ ಮನೆಯಲ್ಲಿ ಖಾಲಿ ಪಿಸ್ತೂಲಿನ ಸ್ಲೈಡ್ ಕೈಯಿಂದ ಎಳೆದು ಬಿಡ್ತಾ ಇರಿ. ನಿಜವಾದ ಗುಂಡು ಹಾಕಿ ಎಳೆಯಬೇಡಿ. ಒಂದೇ ಗುಂಡು ಮತ್ತೆ ಮತ್ತೆ ಚೇಂಬರ್‌ಗೆ ಬಡಿದರೆ ಅದರ ಮೂತಿಯ ಸೀಸ ಕಾಡತೂಸಿನ ಒಳಗೆ ಕುಸಿದು ಹೊಡೆದಾಗ ಒತ್ತಡ ಏರುತ್ತದೆ.

ಹಳೇ ಫೌಜಿ: ರಿಮ್ ಗಿಮ್ ಎಲ್ಲ ಸರಿ, ಆದರೂ ಒಮ್ಮೆ ಎರಡೂ ಕೈಯಲ್ಲಿ ಹಿಡಿದು ಹೊಡೆಯಿರಿ.

ಕೋಟೆ ಗೋಡೆ (ಬಾಗಲಕೋಟೆ): ಫೌಜಿ ಸರ, ವೆಬ್ಲಿ ಫೋಟೋ ಹಾಕ್ರಿ. ನನ್ನದು ವಾಲ್ಥರ್ ಪಿಪಿ. 1929ರಲ್ಲಿ ಬಂದ ಮಾದರಿ, ಆಕ್ರೋಡ್ ಮರದ ಹಿಡಿ ಮಾಡಿಸಿದ್ದೇನೆ. ಇದಕ್ಕೂ ಕುಳಿ ಗುಂಡು ಆಗಿಬರೋದಿಲ್ಲ, ಮಾಮೂಲಿ 71 ಗ್ರೇನ್ ತೂಕದ್ದೇ ಹಾಕುತ್ತೇನೆ.

ಹಳೇ ಫೌಜಿ: ಫೋಟೋದಲ್ಲಿ ನಂಬರ್ ಕಾಣುತ್ತೆ, ಹಾಕೋದಿಲ್ಲ. ಪಿಪಿ ಭಾರ ಜಾಸ್ತಿ, ಜೇಬಿಗೆ ವೆಬ್ಲಿಯೇ ಸರಿ.

ಕೋಟೆ ಗೋಡೆ: ಭಾರ ಇದ್ದರೇ ಕೈಗೆ ಹೊಡೆತ ಕಡಿಮೆ ಅಲ್ವಾ ಸರ?

ಬೆಲ್ಲದ ಪೇಟೆ: ಮ್ಯಾಗಜೀನ್ ತೊಳೆದೆ, ಅದರ ಸ್ಪ್ರಿಂಗ್ ಈಗ ಹಗುರಾಗಿ ಏರುತ್ತದೆ. ಗುರುತೂ ಹಾಕಿದೆ. ರೇಂಜ್ ಸದ್ಯಕ್ಕೆ ಬಂದ್, ತೆರೆದ ಮೇಲೆ ಬರೀ ಮಾಮೂಲಿ ಗುಂಡು ಒಯ್ಯುತ್ತೇನೆ. ಎರಡರಲ್ಲಿ ಒಂದು ಮ್ಯಾಗಜೀನ್ ಮಾತ್ರ ನಿಂತರೆ ಅಂಗಡಿಯವರು ಅದೊಂದನ್ನೇ ಬದಲಿಸಿ ಕೊಡ್ತಾರಾ? ಯಾರಾದರೂ ಕೇಳಿದ್ದೀರಾ ರೀ?