ಎನ್‌ಐಸಿಯು ನರ್ಸ್‌ಗೆ ಮುಂದಿನ ದಾರಿ ಯಾವುದು? ಮಕ್ಕಳ ನರ್ಸ್ ಪ್ರಾಕ್ಟೀಷನರ್ ಆದವರು ಅನುಭವ ಹೇಳಿ

ತುಮಕೂರು ಹುಡುಗಿ
ಬಿಎಸ್ಸಿ ನರ್ಸಿಂಗ್ ಆಗಿದೆ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನಾಲ್ಕು ವರ್ಷದಿಂದ ಇದ್ದೇನೆ. ಮಕ್ಕಳ ಕೆಲಸ ಬಿಡುವ ಮನಸ್ಸಿಲ್ಲ. ಇಲ್ಲೇ ಎಂಎಸ್ಸಿ ಚೈಲ್ಡ್ ಹೆಲ್ತ್ ಮಾಡಲಾ, ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಅಲ್ಲಿಗೆ ಹೋಗಿ ಪಿಎನ್‌ಪಿ (ಮಕ್ಕಳನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್ ಪ್ರಾಕ್ಟೀಷನರ್) ಮಾಡಲಾ? ಅಪ್ಪನ ಹತ್ತಿರ ಆರು ಲಕ್ಷದ ಮೇಲೆ ಕೇಳಲಾರೆ. ಹೋಗಿ ಬಂದವರು ಹೇಳಿ ಅಕ್ಕಂದಿರೇ.

ಡಲ್ಲಾಸ್ ಸಿಸ್ಟರ್
ನಾನು ಇಲ್ಲಿ ಪಿಎನ್‌ಪಿ, ಪ್ರೈಮರಿ ಕೇರ್. ಬಂದಿದ್ದು ಎಚ್4ನಲ್ಲಿ, ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ವೀಸಾ. ಎನ್‌ಕ್ಲೆಕ್ಸ್ ಬೆಂಗಳೂರಿನಲ್ಲೇ ಬರೆದೆ, 200 ಡಾಲರ್ ಫೀಸು, ಅಮೆರಿಕದ ಹೊರಗಿನ ಸೆಂಟರ್ ಅಂತ ಇನ್ನೂ 150. ಪಾಸಾಯಿತು, ಲೈಸೆನ್ಸ್ ಬಂತು, ಆದರೆ ಕೆಲಸ ಮಾಡುವ ಹಾಗಿಲ್ಲ. ಗಂಡನ ಐ-140 (ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ) ಒಪ್ಪಿಗೆಯಾಗಿ ನನಗೆ ಇಎಡಿ (ಕೆಲಸದ ಪರವಾನಗಿ) ಬರುವವರೆಗೆ ಲೈಸೆನ್ಸ್ ಬೀರುವಿನಲ್ಲೇ ಇತ್ತು. ಆಮೇಲೆ ಮಕ್ಕಳ ವಾರ್ಡಿನಲ್ಲಿ ಕೆಲಸ ಸಿಕ್ಕಿತು. ಇಎಡಿ ರಿನ್ಯೂ ಆಗುವುದು ತಡವಾಗಿ ಆ ಕೆಲಸವೂ ಹೋಯಿತು, ಅದೂ ನಾನು ಪಿಎನ್‌ಪಿ ಓದುವ ಮಧ್ಯದಲ್ಲಿ. ಕೋರ್ಸಿಗೆ 38 ಸಾವಿರ ಡಾಲರ್. ಎಚ್4ನವರಿಗೆ ಫೆಡರಲ್ ಸಾಲ ಸಿಗುವುದಿಲ್ಲ, ಪೂರ್ತಿ ಕೈಯಿಂದ ಕಟ್ಟಿದ್ದು. ಕ್ಲಿನಿಕಲ್‌ಗೆ, ಅಂದರೆ ರೋಗಿಗಳ ಜೊತೆಗಿನ ತರಬೇತಿಗೆ, ಜೊತೆಗಿದ್ದು ಕಲಿಸುವ ಪ್ರಿಸೆಪ್ಟರನ್ನು ಕಾಲೇಜಿನವರು ಹುಡುಕಿಕೊಡಲಿಲ್ಲ, ನೀವೇ ನೋಡಿಕೊಳ್ಳಿ ಅಂದರು. ಒಂದು ಏಜೆನ್ಸಿಗೆ ಒಂದು ರೊಟೇಶನ್ನಿಗೆ 2,400 ಡಾಲರ್ ಕೊಟ್ಟೆ, ಶುರುವಾಗುವ ವಾರದಲ್ಲಿ ಆ ಕ್ಲಿನಿಕ್ ಒಲ್ಲೆ ಅಂತು. ಅರ್ಧ ದುಡ್ಡು ಇವತ್ತಿಗೂ ಬಂದಿಲ್ಲ. ಬೋರ್ಡ್ ಪರೀಕ್ಷೆ ಫೀಸು ಬೇರೆ, ಇನ್ಶೂರೆನ್ಸ್ ಬೇರೆ, ನಿಯಂತ್ರಿತ ಔಷಧಿ ಬರೆಯಲು ಬೇಕಾದ ಡಿಇಎ ನಂಬರಿಗೆ 888 ಡಾಲರ್, ಅದನ್ನು ಮೂರು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು.
ಇಷ್ಟಾದರೂ ಈ ದಾರಿಯೇ ಸರಿ ಅಂತೀನಿ. ಹುಟ್ಟಿದ ವಾರದಲ್ಲಿ ತೂಕ ನೋಡಲು ಬಂದ ಮಗು ಈಗ ಶಾಲೆಗೆ ಹೋಗುತ್ತಿದೆ, ಅದರ ಆಸ್ತಮಾ ಪ್ಲಾನ್ ಬರೆದಿದ್ದು ನಾನು. ಅಮ್ಮಂದಿರು ನನ್ನ ಹೆಸರು ಹೇಳಿ ಅಪಾಯಿಂಟ್‌ಮೆಂಟ್ ತಗೊಳ್ತಾರೆ.

ಸಿಯಾಟಲ್ ಕನ್ನಡತಿ
ನಿಮ್ಮ ಟೆಕ್ಸಾಸ್ ಕಾನೂನಿನ ವಿಷಯ ಯಾಕೆ ಬಿಟ್ಟಿರಿ ಅಕ್ಕ? ಅಲ್ಲಿ ಡಾಕ್ಟರ್ ಜೊತೆ ಬರವಣಿಗೆಯ ಒಪ್ಪಂದ ಇಲ್ಲದೆ ಒಂದು ಆಂಟಿಬಯಾಟಿಕ್ ಕೂಡ ಬರೆಯುವ ಹಾಗಿಲ್ಲ. ಎಡಿಎಚ್‌ಡಿ ಇರುವ ಮಗುವಿಗೆ ಮೀಥೈಲ್‌ಫೆನಿಡೇಟ್ ಬೇಕು ಅಂದರೆ ಕ್ಲಿನಿಕ್ಕಿನಲ್ಲಿ ಕೂತ ಎನ್‌ಪಿ (ನರ್ಸ್ ಪ್ರಾಕ್ಟೀಷನರ್) ಬರೆಯಲಾಗದು, ಅದು ಶೆಡ್ಯೂಲ್ 2, ಬಿಗಿ ನಿಯಂತ್ರಣದ ಔಷಧಿ. ಮಕ್ಕಳ ಕ್ಲಿನಿಕ್ಕಿಗೆ ದಿನಾ ಬರುವ ಕೇಸ್ ಇದು. ಇಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ನನಗೆ ಯಾವ ಡಾಕ್ಟರ ಸಹಿಯೂ ಬೇಡ.
ನಾನು ಮಾಡಿದ್ದು ಎಫ್‌ಎನ್‌ಪಿ, ಎಲ್ಲ ವಯಸ್ಸಿನವರನ್ನೂ ನೋಡುವ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್. ನೋಡುವುದು ಬಹಳಷ್ಟು ಮಕ್ಕಳನ್ನೇ. ನಾಳೆ ಈ ಕ್ಲಿನಿಕ್ ಮುಚ್ಚಿದರೆ ದೊಡ್ಡವರನ್ನು ನೋಡಿ ಬದುಕಬಹುದು. ಪಿಎನ್‌ಪಿ ಮಾಡಿದವರಿಗೆ ರೋಗಿಯ ವಯಸ್ಸು 21 ಆದರೆ ಬಾಗಿಲು ಮುಚ್ಚಿತು, ಸಂಬಳವೂ ಕಡಿಮೆ. ಇನ್ನೊಂದು ಮಾತು. ಕೇಳಿದ ಹುಡುಗಿ ಎನ್‌ಐಸಿಯುನವಳು. ನಿಮ್ಮ ಪ್ರೈಮರಿ ಕೇರ್ ಸರ್ಟಿಫಿಕೇಟ್ ಇಟ್ಟುಕೊಂಡು ಅವಳು ಇಲ್ಲಿನ ಎನ್‌ಐಸಿಯು ಒಳಗೆ ಹೋಗಲಾಗದು. ಅದಕ್ಕೆ ನಿಯೋನೇಟಲ್ ಎನ್‌ಪಿ ಅಂತಲೇ ಬೇರೆ ಓದಬೇಕು.

ಡಲ್ಲಾಸ್ ಸಿಸ್ಟರ್
ಎಫ್‌ಎನ್‌ಪಿ ಕೋರ್ಸಿನಲ್ಲಿ ಮಕ್ಕಳ ಕ್ಲಿನಿಕಲ್ ಎಷ್ಟು ಗಂಟೆ ಮಾಡಿದಿರಿ, ಅದನ್ನು ಮೊದಲು ಹೇಳಿ. ನನ್ನ ಎಲ್ಲ ಗಂಟೆಗಳೂ ಮಕ್ಕಳ ಜೊತೆಗೇ. ಪರೀಕ್ಷೆಯ 175 ಪ್ರಶ್ನೆಯೂ ಮಕ್ಕಳ ಮೇಲೆಯೇ. ಮೂರು ವಾರದ ಮಗುವಿಗೆ ಜ್ವರ ಬಂದಾಗ ಏನು ಮಾಡಬೇಕು ಅನ್ನುವುದು ದೊಡ್ಡವರ ಬಿಪಿ ಶುಗರ್ ನೋಡಿ ಬರುವ ವಿದ್ಯೆಯಲ್ಲ. ಸಂಬಳದ ಮಾತು ಒಪ್ಪುತ್ತೇನೆ. ಆದರೆ ಸಂಬಳ ನೋಡಿ ಯಾರೂ ಮಕ್ಕಳ ಕೆಲಸಕ್ಕೆ ಬರುವುದಿಲ್ಲ.

ದಾವಣಗೆರೆ ಟ್ಯೂಟರ್
ನಾನು ಇಲ್ಲೇ ಎಂಎಸ್ಸಿ ಚೈಲ್ಡ್ ಹೆಲ್ತ್ ಮಾಡಿದವಳು. ಫೀಸು ಹಾಸ್ಟೆಲ್ ಎರಡೂ ಸೇರಿ ನಾಲ್ಕೂವರೆ ಲಕ್ಷ. ಥೀಸಿಸ್ಸಿಗೆ ಟೈಪಿಂಗ್, ಸ್ಟಾಟಿಸ್ಟಿಷಿಯನ್, ಬೈಂಡಿಂಗ್ ಅಂತ ಇನ್ನೂ 32 ಸಾವಿರ. ಮುಗಿಸಿ ಹೊರಗೆ ಬಂದಾಗ ಗೊತ್ತಾಗುತ್ತದೆ, ಮಗುವಿನ ಹಾಸಿಗೆ ಪಕ್ಕ ನಿಲ್ಲುವ ಎಂಎಸ್ಸಿ ಪೋಸ್ಟೇ ಇಲ್ಲ. ಎಲ್ಲರೂ ಪಾಠಕ್ಕೇ ಹೋಗಬೇಕು. ನನ್ನ ಸಂಬಳ 26 ಸಾವಿರ. ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿಗಳನ್ನು ಕಾಲೇಜಿನವರು ಇಟ್ಟುಕೊಂಡಿದ್ದಾರೆ, ಬಿಟ್ಟು ಹೋಗುವುದಾದರೆ ಎರಡು ಲಕ್ಷ ಕಟ್ಟು ಅಂತಾರೆ.
ನಮ್ಮ ದೇಶದಲ್ಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಅಂತ ನರ್ಸಿಂಗ್ ಕೌನ್ಸಿಲ್ ತಂದಿದ್ದು ಕ್ರಿಟಿಕಲ್ ಕೇರಿಗೆ, ಆಮೇಲೆ ಹೆರಿಗೆಗೆ. ಮಕ್ಕಳಿಗೆ ಎಲ್ಲಿದೆ? ಹತ್ತು ವರ್ಷ ಐಸಿಯುನಲ್ಲಿ ಕೂಸುಗಳನ್ನು ಉಳಿಸಿದವಳಿಗೂ ನಿನ್ನೆ ಸೇರಿದವಳಿಗೂ ಹುದ್ದೆಯ ಹೆಸರು ಒಂದೇ, ಸ್ಟಾಫ್ ನರ್ಸ್. ಇದರ ಮೇಲೆ ನನಗೆ ಸಿಟ್ಟಿದೆ. ಆದರೂ ಎಲ್ಲರೂ ವಿಮಾನ ಹತ್ತಿದರೆ ಇಲ್ಲಿ ಕೇಳುವವರು ಯಾರು?

ಕಾಂಟ್ರಾಕ್ಟ್ ಸಿಸ್ಟರ್, ಕಲ್ಯಾಣ ಕರ್ನಾಟಕ
ಟ್ಯೂಟರ್ ಮೇಡಂ, ನೀವು ಹಗಲು ಪಾಠ ಮಾಡಿ ಮನೆಗೆ ಹೋಗ್ತೀರಿ. ನಾನು ಜಿಲ್ಲಾಸ್ಪತ್ರೆ ಎಸ್‌ಎನ್‌ಸಿಯುನಲ್ಲಿ (ಕಾಯಿಲೆ ಬಿದ್ದ ನವಜಾತ ಶಿಶುಗಳ ಘಟಕ) ಇದ್ದೇನೆ. ರಾತ್ರಿ ಪಾಳಿಯಲ್ಲಿ ಇಬ್ಬರೇ. ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಹನ್ನೆರಡು, ಕೆಲವೊಂದರಲ್ಲಿ ಎರಡೆರಡು ಕೂಸು. 900 ಗ್ರಾಮಿನ ಕೂಸಿಗೆ ಡ್ರಿಪ್ ಲೈನ್ ಹಾಕುವವಳು ನಾನು, ಅಪ್ನಿಯಾ ಬಂದು ಉಸಿರು ನಿಂತರೆ ಅಂಗಾಲು ತಟ್ಟಿ ಎಬ್ಬಿಸುವವಳು ನಾನು, ಡಾಕ್ಟರ್ ಬರುವವರೆಗೆ ಉಸಿರು ಕೊಡುವ ಬ್ಯಾಗ್ ಹಿಡಿಯುವವಳು ನಾನು. ವರ್ಷ ವರ್ಷ ಕಾಂಟ್ರಾಕ್ಟ್ ರಿನ್ಯೂ ಆಗುತ್ತದೋ ಇಲ್ಲವೋ ಅನ್ನುವ ಭಯ ಬೇರೆ. ನರ್ಸರಿ ಟ್ರೇನಿಂಗ್ ಸರ್ಟಿಫಿಕೇಟ್‌ಗಳು ಫೈಲಿನಲ್ಲಿವೆ, ಸಂಬಳಕ್ಕೆ ಒಂದು ರೂಪಾಯಿ ಸೇರಿಲ್ಲ.
ತಂಗಿ, ನೀನು ಮೊದಲು ನಾರ್ಸೆಟ್ ಬರಿ, ಏಮ್ಸ್ ನರ್ಸ್ ನೇಮಕಾತಿ ಪರೀಕ್ಷೆ. ಏಮ್ಸ್ ನರ್ಸಿಂಗ್ ಆಫೀಸರ್, ಕೇಂದ್ರದ ವೇತನ ಲೆವೆಲ್ 7, ಬೇಸಿಕ್ಕೇ 44,900. ಸಾಮಾನ್ಯ ವರ್ಗಕ್ಕೆ 30 ವರ್ಷದೊಳಗೆ ಬರೆಯಬೇಕು. ನನ್ನ ವಯಸ್ಸು ದಾಟಿತು.

ಮಕ್ಕಳ ಡಾಕ್ಟರ್, ಹುಬ್ಬಳ್ಳಿ
ನರ್ಸಿಂಗ್ ಮೇಲೆ ನನಗೆ ಗೌರವ ಇದೆ. ಆದರೆ ನರ್ಸ್ ಔಷಧಿ ಬರೆಯುವ ಪದ್ಧತಿ ಇಲ್ಲಿ ಬೇಡ. ಮಕ್ಕಳ ಡೋಸ್ ಕೆಜಿ ಲೆಕ್ಕ, ಒಂದು ಸೊನ್ನೆ ತಪ್ಪಿದರೆ ಪ್ರಾಣ ಹೋಗುತ್ತದೆ.

ಕಾಂಟ್ರಾಕ್ಟ್ ಸಿಸ್ಟರ್, ಕಲ್ಯಾಣ ಕರ್ನಾಟಕ
ಆ ಸೊನ್ನೆ ತಪ್ಪಿದ್ದನ್ನು ರಾತ್ರಿ ಎರಡು ಗಂಟೆಗೆ ಹಿಡಿಯುವವರು ಯಾರು ಸರ್? ಅಮಿಕಾಸಿನ್ ಡೋಸ್ ತಿದ್ದಿಸಲು ನಾವೇ ಫೋನ್ ಮಾಡ್ತೀವಿ.

ಡಲ್ಲಾಸ್ ಸಿಸ್ಟರ್
ಸರ್, ಇದನ್ನು ಶುರು ಮಾಡಿದ್ದೇ ಒಬ್ಬ ನರ್ಸ್ ಮತ್ತು ಒಬ್ಬ ಮಕ್ಕಳ ಡಾಕ್ಟರ್. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್, ಹೆನ್ರಿ ಸಿಲ್ವರ್ ಸೇರಿ. ಮೊದಲ ಎನ್‌ಪಿ ಕೋರ್ಸೇ ಮಕ್ಕಳದ್ದು, ಬೇರೆಯವೆಲ್ಲ ಆಮೇಲೆ ಬಂದವು. ಫೋರ್ಡ್ 2025ರ ಜನವರಿಯಲ್ಲಿ ತೀರಿಕೊಂಡರು, 104 ವರ್ಷ ಆಗಿತ್ತು. ಹಳ್ಳಿ ಮಕ್ಕಳಿಗೆ ಡಾಕ್ಟರ್ ಸಿಗುತ್ತಿಲ್ಲ ಅಂತ ಹುಟ್ಟಿದ ಕೆಲಸ ಇದು. ನಮ್ಮ ತಾಲ್ಲೂಕುಗಳ ಕಥೆಯೂ ಅದೇ ಅಲ್ವಾ?

ಇಂಗ್ಲೆಂಡ್ ಅಕ್ಕ
ಯಾರೂ ಇಂಗ್ಲೆಂಡ್ ಹೆಸರು ಎತ್ತಲಿಲ್ಲ. ಇಲ್ಲಿ ನರ್ಸಿಂಗ್ ಒಳಗೆ ಬರುವಾಗಲೇ ಕವಲು ಒಡೆಯುತ್ತದೆ, ದೊಡ್ಡವರ ನರ್ಸ್ ಬೇರೆ, ಮಕ್ಕಳ ನರ್ಸ್ ಬೇರೆ. ನಾನು ಬೆಂಗಳೂರಿನಲ್ಲಿ ಪಿಐಸಿಯು (ಮಕ್ಕಳ ತೀವ್ರ ನಿಗಾ ಘಟಕ) ಬಿಟ್ಟು ಬೇರೆ ಕಡೆ ಕೆಲಸ ಮಾಡಿದವಳೇ ಅಲ್ಲ. ಏಜೆಂಟ್ ನನ್ನನ್ನು ಅಡಲ್ಟ್, ಅಂದರೆ ದೊಡ್ಡವರ ನರ್ಸ್, ಅಂತ ಹಾಕಿಸಿದ, ಬೇಗ ಆಗುತ್ತದೆ ಅಂದ. ಬಂದು ವೃದ್ಧರ ವಾರ್ಡಿನಲ್ಲಿ ಬ್ಯಾಂಡ್ 5, ನರ್ಸ್‌ಗಳ ಮೊದಲ ಸಂಬಳದ ಮೆಟ್ಟಿಲು. ಆಮೇಲೆ ಮಕ್ಕಳ ನರ್ಸ್ ಆಗಲು ಬೇಕಾದ ಪ್ರಾಯೋಗಿಕ ಪರೀಕ್ಷೆ ಓಎಸ್‌ಸಿಇಗೆ ನನ್ನ ದುಡ್ಡಲ್ಲೇ ಕಟ್ಟಿದೆ, 794 ಪೌಂಡ್, ರೈಲು ಲಾಡ್ಜು ಬೇರೆ. ಈಗ ಮಕ್ಕಳ ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್‌ಡ್ ಪ್ರಾಕ್ಟೀಷನರ್ ಆಗಲು ಮಾಸ್ಟರ್ಸ್ ಓದುತ್ತಿದ್ದೇನೆ, ಫೀಸು ಆಸ್ಪತ್ರೆಯದು. ವಿ300 ಅನ್ನುವ ಕೋರ್ಸ್ ಆದಮೇಲೆ ಔಷಧಿ ಬರೆಯಬಹುದು.

ಸಿಯಾಟಲ್ ಕನ್ನಡತಿ
ಅಮೆರಿಕ ಅಂತ ಕನಸು ಹುಟ್ಟಿಸುವವರು ಗ್ರೀನ್ ಕಾರ್ಡ್ ಕ್ಯೂ ಕೂಡ ಹೇಳಬೇಕು. ಎಚ್4 ಕೊಡಿಸುವ ಗಂಡ ಎಲ್ಲರಿಗೂ ಇರುವುದಿಲ್ಲ. ನರ್ಸ್ ಆಗಿ ಇಬಿ-3ರಲ್ಲಿ (ಕೆಲಸದ ಮೇಲೆ ಗ್ರೀನ್ ಕಾರ್ಡ್ ಸಿಗುವ ಒಂದು ವರ್ಗ) ಬರಬೇಕಾದರೆ ಭಾರತದವರ ಸರದಿ ಇನ್ನೂ ಹತ್ತು ವರ್ಷಕ್ಕೂ ಹಿಂದಿನ ಅರ್ಜಿಗಳಲ್ಲೇ ತೆವಳುತ್ತಿದೆ.

ಡಲ್ಲಾಸ್ ಸಿಸ್ಟರ್
ಗಂಡನ ವೀಸಾ ಎತ್ತಿ ಆಡಬೇಡಿ. ಲೈಸೆನ್ಸ್ ಪರೀಕ್ಷೆ ಬರೆದಿದ್ದು ನಾನು, ರಾತ್ರಿ ಪಾಳಿ ಮುಗಿಸಿ ಕ್ಲಿನಿಕಲ್‌ಗೆ ಹೋದವಳು ನಾನು.

ದಾವಣಗೆರೆ ಟ್ಯೂಟರ್
ಪಾಠ ಮಾಡಿ ಮನೆಗೆ ಹೋಗುವವಳು ಅಂದಿರಲ್ಲ ಕಾಂಟ್ರಾಕ್ಟ್ ಸಿಸ್ಟರ್, ನಿಮ್ಮ ನರ್ಸರಿಗೆ ಪ್ರತಿ ವರ್ಷ ಹುಡುಗಿಯರನ್ನು ಕರೆತಂದು ಲೈನ್ ಹಿಡಿಯಲು, ಡ್ರಿಪ್ ಲೆಕ್ಕ ಹಾಕಲು ಕಲಿಸುವವರು ನಮ್ಮಂಥವರೇ.

ಇಂಗ್ಲೆಂಡ್ ಅಕ್ಕ
ತುಮಕೂರಿನ ಪುಟ್ಟಿ, ಎಲ್ಲಿಗೇ ಹೋಗು, ಈಗಲೇ ಒಂದು ಅನುಭವದ ಪತ್ರ ಮಾಡಿಸಿಕೊ. ಅದರಲ್ಲಿ ಸುಮ್ನೆ ಸ್ಟಾಫ್ ನರ್ಸ್ ಅಂತ ಇದ್ದರೆ ಸಾಲದು. ಎನ್‌ಐಸಿಯು, ಯಾವ ಲೆವೆಲ್, ಎಷ್ಟು ಹಾಸಿಗೆ, ವೆಂಟಿಲೇಟರ್ ಮೇಲಿನ ಮಕ್ಕಳನ್ನು ನೋಡಿದ್ದಾಳೆ ಅಂತ ಬರೆದಿರಬೇಕು. ನನ್ನ ಹಳೆ ಆಸ್ಪತ್ರೆಯಲ್ಲಿ ಅಷ್ಟು ಬರೆದುಕೊಡಲು 5,000 ರೂಪಾಯಿ ಕೇಳಿದರು, ರಸೀದಿಯೂ ಕೊಡಲಿಲ್ಲ. ಕೆಲಸ ಬಿಟ್ಟಮೇಲೆ ಕೇಳಿದರೆ ಅದೂ ಸಿಗುವುದಿಲ್ಲ.